ಯಜಮಾನರ ಕತ್ತಲೆ ಕೋಣೆ

ಅರ್ಧ ಆಯಸ್ಸು ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದ ನಮ್ಮ ಬೀದಿಯ ಸ್ಟುಡಿಯೋ ಯಜಮಾನರಿಗೆ ಡಿಜಿಟಲ್ ಕ್ಯಾಮೆರಾ ಕಲಿಸುತ್ತಿರುವವಳು ಅವರ ಸೊಸೆ. ಈಗಲೂ ಅವರು ಫೋಟೋ ತೆಗೆಸಿಕೊಂಡವರಿಗೆಲ್ಲ "ನಾಳೆ ಬನ್ನಿ, ತೊಳೆದಿಟ್ಟಿರ್ತೀನಿ" ಅನ್ನುತ್ತಾರೆ. ಕ್ಯಾಮೆರಾದಿಂದ ಮೆಮೊರಿ ಕಾರ್ಡ್ ತೆಗೆಯಬೇಕಾದರೂ ಆ ಕೋಣೆ ಹೊಕ್ಕು, ಚಿಲಕ ಹಾಕಿ, ದೀಪ ಆರಿಸುತ್ತಾರೆ. "ಇದಕ್ಕೆ ಬೆಳಕು ತಾಗಿದ್ರೆ ಏನೂ ಆಗಲ್ಲ ಮಾವ" ಎಂದು ಸೊಸೆ ಹೇಳಿ ಹೇಳಿ ಸೋತಿದ್ದಾಳೆ. ಬೀದಿಯವರೆಲ್ಲ ಇದನ್ನೇ ಆಡಿಕೊಂಡು ನಗುತ್ತೇವೆ, ನಾನೂ. ಮೊನ್ನೆ ನನ್ನ ಫೋಟೋ ತೆಗೆದಾಗ, ಹೇಗೆ ಬಂದಿದೆ ನೋಡೋಣವೆಂದು ಕ್ಯಾಮೆರಾದತ್ತ ಬಗ್ಗಿದೆ. ಅವರು ಪರದೆಯನ್ನು ಅಂಗೈಯಿಂದ ಮುಚ್ಚಿಕೊಂಡು ತಲೆ ತಗ್ಗಿಸಿದರು. "ಬೆಳಕು ತಾಗಿದ್ರೆ ಏನೂ ಆಗಲ್ಲ ಅಂತ ನನಗೂ ಗೊತ್ತು. ಒಳಗೆ ಹೋಗೋದು ಕೆಟ್ಟುಹೋದ ಫೋಟೋಗಳನ್ನ ಅಳಿಸೋಕೆ. ಮೊದಲೆಲ್ಲ ನಾನು ಕೆಡಿಸಿದ್ದು ನನಗೊಬ್ಬನಿಗೇ ಕಾಣ್ತಿತ್ತು."