ಪಾಚಿಯಲ್ಲಿ ಉಳಿದ ಹೆಜ್ಜೆ

ಒಮಾನಿನ ಆ ಕಡಲಂಚಿನಲ್ಲಿ ಗುಬೈಷಾಳ ಬಾಯಿಗೆ ಹೆದರದವರಿಲ್ಲ. ಅವಳ ಒಂಟೆಗಳೂ ಹೆದರುತ್ತಿದ್ದವು. ಬೆಳಗಾದರೆ ಉಪ್ಪುಗಿಡಗಳ ನಡುವೆ ಅವುಗಳನ್ನು ಬೈಯುತ್ತಲೇ ಮೇಯಿಸುವಳು. ಹಾಲು ಉಪ್ಪುಪ್ಪು ಎಂದು ಮುಖ ಸಿಂಡರಿಸಿದ ನೆಂಟರಿಗೆ, "ಸಿಹಿ ಬೇಕಾದ್ರೆ ಖರ್ಜೂರ ಕಚ್ಕೊಂಡು ಕುಡೀರಿ" ಎನ್ನುವಳು. ಬೈಗುಳದಲ್ಲಿ ಸಿಂಹಪಾಲು ಮಾತ್ರ ಗಂಡ ಮುಸಲ್ಲಮನದು. ಅವನೋ ನಕ್ಕು ಸುಮ್ಮನಾಗುವ ಆಸಾಮಿ.

ಆ ದಿನ ಒಂದು ಒಂಟೆ ತಪ್ಪಿಸಿಕೊಂಡಿತ್ತು. "ಒಂಟೆ ಸಿಗದೆ ಮನೆಗೆ ಬರ್ಬೇಡ" ಎಂದು ಬೆಳಗ್ಗೆಯೇ ಗಂಡನನ್ನು ಅಟ್ಟಿದ್ದಳು. ಹೊತ್ತು ಇಳಿದರೂ ಅವನ ಸುಳಿವಿಲ್ಲ. ಹುಡುಕಲು ಹೋಗಿದ್ದ ಭಾವ ಸುಹೈಲ್ ಬಿಳಿಚಿಕೊಂಡು ಬಂದ.

"ಪಾಚಿ ಮೇಲೆ ಅವನ ಹೆಜ್ಜೆ ಇದೆ ಕಣಮ್ಮಾ. ಎಡಗಾಲಲ್ಲಿ ಕಿರುಬೆರಳಿಲ್ಲ, ಅವನದೇ. ಕಾಲುವೆ ತನಕ ಹೋಗಿದೆ. ವಾಪಸ್ ಬಂದಿಲ್ಲ."

ಉಬ್ಬರದ ನೀರು ನುಗ್ಗುವ ಆ ಕಾಲುವೆಯ ಕೆಸರು ಒಂಟೆಯನ್ನೇ ನುಂಗಿದ್ದುಂಟು. ಗುಬೈಷಾ ವರ್ಷ ತುಂಬದ ಮಗಳನ್ನು ಕಂಕುಳಿಗೇರಿಸಿಕೊಂಡು ಓಡಿದಳು. ಬೆಳಗ್ಗೆ ತಾನಾಡಿದ ಮಾತು ನೆನಪಾಯಿತು. ನಾನೇ ಕೊಂದೆ, ನಾನೇ ಕೊಂದೆ ಎಂದುಕೊಂಡಳು.

ಕರಿ ಹಪ್ಪಳ ಹರವಿದಂತೆ ಪಾಚಿ ಹಾಸಿಕೊಂಡಿತ್ತು. ಅದರ ಮೇಲೆ ಅವನದೇ ಹೆಜ್ಜೆಗಳು, ಸಾಲಾಗಿ. ಅವಳು ಕುಸಿದು ಕೂತು ಒಂದರೊಳಗೆ ಅಂಗೈ ಇಟ್ಟಳು. ಕೆಸರು ಅಂಟಲಿಲ್ಲ. ಪಕ್ಕದಲ್ಲಿ ಸುಹೈಲ್ ಈಗಷ್ಟೇ ತುಳಿದ ಕಡೆ ಪಾಚಿ ಹರಿದು ಒಳಗಿನ ಹಸಿರು ಕಾಣುತ್ತಿತ್ತು. ಗಂಡನ ಹೆಜ್ಜೆಯ ತಳದಲ್ಲಿ ಮಾತ್ರ ಕಪ್ಪು ಪೊರೆ ಮತ್ತೆ ಬೆಳೆದಿತ್ತು. ಆಳವೂ ಸುಹೈಲನದಕ್ಕಿಂತ ಎಷ್ಟೋ ಹೆಚ್ಚು.

"ಭಾವಾ, ಇದು ಹೋದ ಚಳಿಗಾಲದ್ದು!" ಅವಳು ಅಳುತ್ತಲೇ ನಕ್ಕಳು. "ಈ ಪಾಚೀಲಿ ಬಿದ್ದ ಹೆಜ್ಜೆ ತಿಂಗಳುಗಟ್ಲೆ ಅಳಿಯಲ್ವಲ್ಲ. ನೀವಾಗ ಒಂಟೆ ಹೊಡ್ಕೊಂಡು ಒಳನಾಡಿಗೆ ಹೋಗಿದ್ರಿ. ನಂಗೆ ಹೆರಿಗೆ ನೋವು. ಆಸ್ಪತ್ರೆಗೆ ಹೋಗೋಕೆ ಕಾಲುವೇಲಿ ನಿಂತಿದ್ದ ಮೀನುಗಾರರ ದೋಣಿ ತನಕ ಅವ್ನೇ ಹೊತ್ಕೊಂಡು ಬಂದ. ಮಗು ಆದ್ಮೇಲೆ ಬೇರೆ ದಾರೀಲಿ ಮನೆಗೆ ಹೋದ್ವಿ."

"ಹಂಗಾದ್ರೆ ಇದು..."

"ನಮ್ಮ ಮೂರೂ ಜನರ ಹೆಜ್ಜೆ. ಅದಕ್ಕೇ ಇಷ್ಟು ಆಳ."

ಅವಳು ಅಲ್ಲಿಂದ ಏಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಉಪ್ಪುಗಿಡಗಳ ಆಚೆಯಿಂದ ಒಂಟೆಯ ಮೂಗುದಾರ ಹಿಡಿದು ಮುಸಲ್ಲಮ್ ಬಂದ, ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿಕೊಂಡೇ.

"ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದವಳು ಮಗಳನ್ನು ಅವನ ತೋಳಿಗೆ ಹಾಕಿದಳು. "ಇನ್ಮೇಲೆ ಒಂಟೆ ಸಿಗ್ಲಿ ಬಿಡ್ಲಿ, ನೀನು ಮನೆಗೆ ಬರ್ಬೇಕು. ತಿಳೀತಾ?"