ಬೋಣಿಯ ನಾಣ್ಯ

“ಬೋಣಿ ಗಿರಾಕೀನ ಯಾರೂ ಬರಿಗೈಲಿ ಕಳಿಸಲ್ಲ ಅಕ್ಕಾ, ನಿಂಗೆ ಗೊತ್ತಲ್ಲ. ಆಲೂಗಡ್ಡೆ ಪ್ರೀಮಿ ಇನ್ನೂ ಗೋಣಿಚೀಲ ಬಿಚ್ತಾ ಇರ್ತಾಳೆ, ನಾನು ಹೋಗಿ ಎದುರಿಗೆ ನಿಂತ್ಬಿಡ್ತೀನಿ. ಬೆಲೆ ಜಾಸ್ತಿಯಾಯ್ತು ಅಂತೀನಿ. ಇಲ್ಲ ಕಸೇರಿತಾ, ಕೊಂಡ ಬೆಲೆಗೂ ಗಿಟ್ಟಲ್ಲ ಅಂತಾಳೆ. ಸರಿ ಬಿಡು ಅಂತ ಎರಡು ಹೆಜ್ಜೆ ಹಾಕ್ತೀನಿ. ಮೂರನೇ ಹೆಜ್ಜೆ ಇಡೋಕೆ ಮುಂಚೆ ಕರೀತಾಳೆ. ಕರೀಲೇಬೇಕು. ಮೊದಲನೇ ಗಿರಾಕಿ ಹಂಗೇ ಹೋದ್ರೆ ದಿನವೆಲ್ಲ ಹಾಳು ಅಂತ ಅವರ ನಂಬಿಕೆ. ಇಪ್ಪತ್ತೆಂಟು ವರ್ಷ ಆ ನಂಬಿಕೆ ಮೇಲೇ ನಾನು ಒಲೆ ಹಚ್ಚಿದೀನಿ. ಅದಕ್ಕೆ ನಂಗೇನೂ ನಾಚಿಕೆ ಇಲ್ಲ. ಚೌಕಾಸಿ ಅಂದ್ರೆ ಚೌಕಾಸಿನೇ. ಆದ್ರೆ ಅವತ್ತು ಅವಳು ನನ್ನ ಕೈಯಿಂದ ಆ ನಾಣ್ಯ ತಗೊಂಡು, ತಿರುಗಿಸಿ ನೋಡ್ಲೂ ಇಲ್ಲ ಅಕ್ಕಾ, ಕಣ್ಣು ಮುಚ್ಚಿ ಶಿಲುಬೆ ಗುರುತು ಮಾಡ್ಕೊಂಡು ಅದಕ್ಕೆ ಮುತ್ತು ಕೊಟ್ಟಳು. ಖೋಟಾ ನಾಣ್ಯಕ್ಕೆ ಮುತ್ತು ಕೊಟ್ಟಳು. ನಾನು ನೋಡ್ತಾ ನಿಂತಿದ್ದೆ. ಸಾಲದು ಅಂತ, ಕೊಸರು ಹಾಕು ಅಂತ ಬೇರೆ ಕೇಳಿದೆ.”

ಲೆಯೊಕಾದಿಯಾ ಸುರಿತಾ ಇದನ್ನು ನನಗೆ ಹೇಳಿದ್ದು ನಮ್ಮ ವಠಾರದ ನಲ್ಲಿಯ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೈಯೂರಿಕೊಂಡು. ನಾನು ಒಗೆಯುತ್ತಿದ್ದ ಬಟ್ಟೆಯನ್ನೇ ಮತ್ತೆ ಮತ್ತೆ ಉಜ್ಜುತ್ತ ಕೇಳಿಸಿಕೊಂಡೆ. ಏನಾದರೂ ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಕೊಚಬಾಂಬಾ ನಗರದ ಹಳೆಯ ರೈಲು ನಿಲ್ದಾಣದ ಹಿಂದೆ ನಮ್ಮ ವಠಾರ. ಏಳು ಕೋಣೆ, ಒಂದು ಅಂಗಳ, ಒಂದೇ ನಲ್ಲಿ. ನಲ್ಲಿಗೆ ಅಂಟಿಕೊಂಡ ಕೋಣೆ ಲೆಯೊಕಾದಿಯಾ ಮತ್ತು ಅವಳ ಗಂಡ ಇಲಾರಿಯೊನ್‌ನದು. ಅವನು ರೈಲ್ವೆ ಕಾರ್ಖಾನೆಯಲ್ಲಿ ಕಮ್ಮಾರನಾಗಿದ್ದವನು. ರೈಲು ನಿಂತುಹೋದ ಮೇಲೂ ಅವನ ಸುತ್ತಿಗೆ ನಿಲ್ಲಲಿಲ್ಲ. ಬೀದಿಯಲ್ಲಿ ಬಿದ್ದ ಡೊಂಕು ಮೊಳೆ ತಂದು ನೆಟ್ಟಗೆ ಮಾಡಿ ಡಬ್ಬಿಗೆ ತುಂಬುತ್ತಾನೆ. ಅವಳು ಹೊಲಿಗೆಯವಳು. ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ, ನನಗೆ ಅವಳಿಗಿಂತ ವಯಸ್ಸಾಗಿದ್ದರೂ. ಸವೆದ ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದಲ್ಲಿ ಗಂಟು ಕಟ್ಟಿ ಅದರಲ್ಲೇ ಇನ್ನೊಂದು ತಿಂಗಳು ದೂಡುತ್ತಾರೆ. ಕಿತ್ತಳೆ ಎಲ್ಲಿ ಸೋವಿ, ಬ್ರೆಡ್ಡು ಯಾವ ಹೊತ್ತಿಗೆ ಅರ್ಧ ಬೆಲೆಗೆ ಬರುತ್ತದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ.

ಒಮ್ಮೆ ಅವನು ಕಿತ್ತಳೆಗಾಗಿ ಕಾಂಚಾ ಮಾರುಕಟ್ಟೆಯ ಆ ತುದಿಯವರೆಗೆ ನಡೆದುಹೋಗಿ ಬಂದಾಗ ಅವಳು ರೇಗಿಸಿದಳು:

“ಎರಡು ಕಾಸು ಉಳಿಸೋಕೆ ಹೋಗಿ ಚಪ್ಪಲಿ ಸವೆಸ್ಕೊಂಡು ಬಂದ್ಯಲ್ಲೋ ಮುದುಕಾ.”

“ಚಪ್ಪಲಿ ಲಾರಿ ಟೈರಿಂದು ಕಣೇ, ಅದು ಸವೆಯಲ್ಲ. ಸವೆಯೋದು ನಾನು. ನಾನು ಹೆಂಗೂ ಪುಕ್ಕಟೆ.”

ಹೀಗೆ ಇದ್ದವರು. ಉಳಿಸುವುದರಲ್ಲಿ ಅವರಿಗೆ ಒಂದು ಆಟದ ಖುಷಿ ಇತ್ತು. ಯಾರಿಗೂ ಮೋಸ ಮಾಡಿದವರಲ್ಲ.

ಜುಲೈ ತಿಂಗಳ ಒಂದು ಸಂಜೆ ನಾನು ಚಿಟಿಕೆ ಉಪ್ಪು ಕೇಳಲು ಅವರ ಕೋಣೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಮೇಜಿನ ಮೇಲಿನ ಒಂದು ಐದು ಪೆಸೊ ನಾಣ್ಯವನ್ನು ನೋಡುತ್ತ ಕೂತಿದ್ದರು, ಮನೆಯಲ್ಲಿ ಮಗು ಜ್ವರ ಬಂದು ಮಲಗಿದ ಹಾಗೆ. ಬಾಡಿಗೆ ವ್ಯಾನಿನ ಡ್ರೈವರು ಚಿಲ್ಲರೆ ಜೊತೆ ಕೊಟ್ಟದ್ದಂತೆ. ಇಲಾರಿಯೊನ್ ಅದನ್ನೆತ್ತಿ ಹೊಸ್ತಿಲ ಕಲ್ಲಿನ ಮೇಲೆ ಬಿಟ್ಟ. ಟಣ್ ಎನ್ನಲಿಲ್ಲ. ಟಪ್ ಎಂದು ಬಿತ್ತು.

“ಬ್ರೆಡ್ ಅಂಗಡಿಯವಳು ಬೇಡ ಅಂದ್ಲು,” ಅಂದ. “ಔಷಧಿ ಅಂಗಡೀಲಿ ಆ ಕನ್ನಡಕದವನು ನನ್ನ ಮುಖ ನೋಡ್ದ, ನಾನೇ ಅಚ್ಚು ಹಾಕಿದೀನಿ ಅನ್ನೋ ಹಂಗೆ.”

“ಐದು ಪೆಸೊ,” ಅಂದಳು ಅವಳು. “ಮೂರು ದಿನದ ಆಲೂಗಡ್ಡೆ.”

ನಾನು ಉಪ್ಪು ಕಟ್ಟಿಕೊಳ್ಳುತ್ತ ನಕ್ಕೆ. “ಹಗಲು ಹೊತ್ತಲ್ಲಿ ಕೊಟ್ರೆ ಯಾರು ತಗೋತಾರೆ? ಬೆಳಗಿನ ಜಾವ ಕೊಡಬೇಕು, ಕತ್ತಲೇಲಿ. ಕಣ್ಣು ಮುಚ್ಕೊಂಡು ತಗೊಳ್ಳೋರು ಇರ್ತಾರಲ್ಲ.”

ತಮಾಷೆಗೆ ಅಂದದ್ದು. ಆದರೆ ಲೆಯೊಕಾದಿಯಾ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದ ಅರ್ಥ ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿಯೂ “ಹಾಗೆ ಮಾಡಬೇಡ” ಎನ್ನದೆ ಎದ್ದು ಬಂದೆ.

ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುವವಳು ಆಲೂಗಡ್ಡೆಯ ಪ್ರಿಮಿತಿವಾ, ನಮ್ಮೆಲ್ಲರ ಬಾಯಲ್ಲಿ ಪ್ರೀಮಿ. ಮಾರುವವಳು ಕೊಳ್ಳುವವಳನ್ನು ಕಸೇರಿತಾ ಎನ್ನುತ್ತಾಳೆ, ಕೊಳ್ಳುವವಳೂ ಮಾರುವವಳನ್ನು ಹಾಗೇ ಕರೆಯುತ್ತಾಳೆ. ಎಷ್ಟೋ ವರ್ಷ ಒಬ್ಬರನ್ನೊಬ್ಬರು ಬಿಡದೆ ಇದ್ದವರಿಗೆ ಮಾತ್ರ ಆ ಹೆಸರು. ಲೆಯೊಕಾದಿಯಾಳ ಕೈ ಒಳ್ಳೆಯ ಕೈ ಎಂದು ಪ್ರೀಮಿಗೆ ಬಲವಾದ ನಂಬಿಕೆ. “ಇವಳ ಬೋಣಿಯಾದ ದಿನ ಮಧ್ಯಾಹ್ನಕ್ಕೇ ಗೋಣಿ ಖಾಲಿ,” ಎಂದು ಪಕ್ಕದ ಈರುಳ್ಳಿಯವಳಿಗೆ ಹೇಳುತ್ತಿದ್ದಳು. ಬೋಣಿಯ ನಾಣ್ಯವನ್ನು ಅವಳು ಚಿಲ್ಲರೆಗೆ ಕೊಡುತ್ತಿರಲಿಲ್ಲ. ಸಂಜೆಯವರೆಗೂ ಕರವಸ್ತ್ರದಲ್ಲಿ ಕಟ್ಟಿ ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದಳು.

ಮರುದಿನ ಬೆಳಗಿನ ಜಾವ ಆ ನಾಣ್ಯ ಅಲ್ಲಿಗೆ ಹೋಯಿತು.

ಮೂರು ದಿನ ಬಿಟ್ಟು ಲೆಯೊಕಾದಿಯಾ ಮತ್ತೆ ಹೋದಾಗ, ಬೈಗುಳ ಕಾದಿದೆ ಎಂದೇ ಹೆದರಿ ಹೋಗಿದ್ದಳು. ಪ್ರೀಮಿ ನಾಣ್ಯದ ಸುದ್ದಿಯನ್ನೇ ಎತ್ತಲಿಲ್ಲ. ತೂಗಿದ ಮೇಲೆ ಯಾವಾಗಲೂ ಒಂದು ಪುಟ್ಟ ಗಡ್ಡೆ ಕೊಸರು ಹಾಕುತ್ತಿದ್ದವಳು ಅವತ್ತು ಎರಡು ಹಾಕಿದಳು. ಅದರ ಮುಂದಿನ ಸಲ ಒಂದು ಹಿಡಿ. ಆಮೇಲೆ ಹಿಡಿಯ ಜೊತೆಗೆ ಎರಡು ಹಸಿಮೆಣಸಿನಕಾಯಿ.

“ಪತ್ತೆ ಆಗಿಲ್ಲ ಕಣೇ,” ಅಂದ ಇಲಾರಿಯೊನ್. “ಅವಳೂ ಯಾರಿಗೋ ದಾಟಿಸಿರ್ತಾಳೆ. ಬಂದ ದಾರೀಲಿ ಹೋಯ್ತು, ಬಿಡು.”

ಹಾಗೆ ಅಂದನೇನೋ ನಿಜ. ಕೊಸರಿನ ಗಡ್ಡೆ ಯಾವಾಗಲೂ ಅವನ ಪಾಲು. ಸಿಪ್ಪೆ ಸಮೇತ ಬೇಯಿಸಿ, ಖಾರ ಹಚ್ಚಿ, ಕೊನೆಗೆ ತಿನ್ನುತ್ತಿದ್ದ. ಈಗ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಏಳತೊಡಗಿದ. ಲೆಯೊಕಾದಿಯಾ ಚೌಕಾಸಿ ಮಾಡುವುದನ್ನೇ ಬಿಟ್ಟಳು. ಅದಕ್ಕೆ ಪ್ರೀಮಿ ಹೇಳಿದಳಂತೆ:

“ಏನ್ ಕಸೇರಿತಾ, ಮೈಗೆ ಹುಷಾರಿಲ್ವಾ? ಒಂದು ಮಾತೂ ಜಗಳ ಆಡ್ಲಿಲ್ಲ. ನೀನು ಬಯ್ಯದೇ ಇದ್ರೆ ನಂಗೆ ಬೆಳಗಾದ ಹಾಗೇ ಇರಲ್ಲ.”

ಮೂರನೆಯ ವಾರ ಅವಳು ಕಲ್ಲಿನ ಹತ್ತಿರ ಬಂದು ನನಗೆ ಎಲ್ಲವನ್ನೂ ಹೇಳಿದಳು. ಕತ್ತಲೆಯ ಮಾತು ನನ್ನದು ಎಂದು ಅವಳು ಒಂದು ಸಲವೂ ಎತ್ತಿ ಆಡಲಿಲ್ಲ. “ನಾಳೆ ನಂಜೊತೆ ಬರ್ತೀಯಾ ಅಕ್ಕಾ?” ಎಂದಷ್ಟೇ ಕೇಳಿದಳು.

ಹೋದೆವು. ಇನ್ನೂ ಬೀದಿದೀಪ ಆರಿರಲಿಲ್ಲ. ಪ್ರೀಮಿ ಗೋಣಿಚೀಲದ ಬಾಯಿ ಮಡಚುತ್ತಿದ್ದಳು. ಲೆಯೊಕಾದಿಯಾ ಎರಡು ಒಳ್ಳೆಯ ಐದರ ನಾಣ್ಯಗಳನ್ನು ಚಾಚಿ, “ಒಂದು ಇವತ್ತಿಂದು, ಇನ್ನೊಂದು ಅವತ್ತಿಂದು,” ಅಂದಳು.

ಪ್ರೀಮಿಯ ಮುಖ ಮೆತ್ತಗಾಯಿತು. ರವಿಕೆಯೊಳಗಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದಳು. ಆ ನಾಣ್ಯ ಅಲ್ಲೇ ಇತ್ತು.

“ಇದಾ? ನಂಗೆ ಅವತ್ತು ಸಂಜೇನೇ ಗೊತ್ತಾಯ್ತು. ಯಾವನೋ ಪಾಪಿ ಈ ವಯಸ್ಸಾದವರಿಗೆ ಟೋಪಿ ಹಾಕಿದಾನಲ್ಲ ಅಂತ ಹೊಟ್ಟೆ ಉರೀತು. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ಮನಾದೆ. ನಿನ್ನ ಕೈಯಿಂದ ಬಂದಿದ್ದಲ್ವಾ, ಎಸೆಯೋಕೂ ಮನಸ್ಸು ಬರ್ಲಿಲ್ಲ. ನಿಮಗೇ ನಷ್ಟ ಆಗಿರೋದು ಅಂತ ನಾಲ್ಕು ಗಡ್ಡೆ ಜಾಸ್ತಿ ಹಾಕ್ತಿದ್ದೆ. ತೆಗಿ, ತೆಗಿ, ಹಣ ಒಳಗಿಡು.”

ನಾನು ಹಿಂದಿನಿಂದ ಲೆಯೊಕಾದಿಯಾಳ ಶಾಲು ಜಗ್ಗಿದೆ. ತಪ್ಪಿಸಿಕೊಳ್ಳುವ ಬಾಗಿಲು ತಾನಾಗೇ ತೆರೆದಿತ್ತು, ಸುಮ್ಮನೆ ಆಚೆ ಬಂದುಬಿಡಬಹುದಿತ್ತು. ಅವಳು ಶಾಲು ಬಿಡಿಸಿಕೊಂಡಳು.

“ನಂಗೆ ಗೊತ್ತಿತ್ತು ಕಸೇರಿತಾ. ಗೊತ್ತಿದ್ದೇ ಕೊಟ್ಟೆ. ನೀನು ನೋಡಲ್ಲ ಅಂತ ನಿಂಗೇ ಕೊಟ್ಟೆ.”

ಈರುಳ್ಳಿಯವಳು ಕೆಲಸ ನಿಲ್ಲಿಸಿ, “ಅಯ್ಯಯ್ಯೋ, ಬೋಣಿಗೇ ಖೋಟಾನಾ!” ಅಂದಳು.

“ನಿನ್ನ ಈರುಳ್ಳಿ ನೋಡ್ಕೋ ನೀನು,” ಅಂದಳು ಪ್ರೀಮಿ, ಆ ಕಡೆ ತಿರುಗದೆ.

ಆಮೇಲೆ ಅವಳು ಎರಡು ನಾಣ್ಯಗಳನ್ನೂ ತೆಗೆದುಕೊಂಡಳು. ಒಂದೊಂದನ್ನೇ ದೀಪದ ಕಡೆ ಹಿಡಿದು ಎರಡೂ ಮಗ್ಗುಲು ನೋಡಿದಳು. ಕಲ್ಲಿನ ಮೇಲೆ ಬಿಟ್ಟು ಸದ್ದು ಕೇಳಿದಳು. ಶಿಲುಬೆಯ ಗುರುತು ಇಲ್ಲ, ಮುತ್ತು ಇಲ್ಲ. ಏಪ್ರನ್ನಿನ ಜೇಬಿಗೆ ಹಾಕಿ ತಕ್ಕಡಿ ಎತ್ತಿದಳು. ಮುಳ್ಳು ಸ್ವಲ್ಪ ವಾಲಿತು. ತಟ್ಟೆಯಿಂದ ಒಂದು ಪುಟ್ಟ ಗಡ್ಡೆ ತೆಗೆದಳು. ಮುಳ್ಳು ನಡುವೆ ನಿಂತಿತು. ಹಾಗೇ ಚೀಲಕ್ಕೆ ಸುರಿದಳು. ಖೋಟಾ ನಾಣ್ಯವನ್ನು ಆ ಗಡ್ಡೆಗಳ ಮೇಲೆ ಇಟ್ಟಳು.

ಲೆಯೊಕಾದಿಯಾ ಕೊಸರು ಕೇಳಲಿಲ್ಲ. “ಇನ್ನು ಮುಂದೆ ಬರ್ಬೋದಾ?” ಎಂದು ಕೇಳಿದಳು.

“ಬನ್ನಿ ಸೆನ್ಯೋರಾ. ಬೋಣಿ ಆದಮೇಲೆ ಬನ್ನಿ.” ಗುರುತಿಲ್ಲದ ಹೆಂಗಸರನ್ನು ಕರೆಯುವ ಹೆಸರು ಅದು.

ಚೀಲ ಹಿಡಿದು ಮನೆಗೆ ನಡೆದೆವು. ಕತ್ತಲೆಯ ಮಾತು ನನ್ನ ಬಾಯಿಂದ ಬಂದದ್ದು ಎಂದು ಅಲ್ಲೇ ಪ್ರೀಮಿಯ ಎದುರು ಹೇಳಬಹುದಾಗಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು. ನನಗೂ ಆಲೂಗಡ್ಡೆ ಬೇಕಲ್ಲ ಎಂದು ಅದನ್ನು ನುಂಗಿಕೊಂಡೆ.

ಇಲಾರಿಯೊನ್ ಆ ನಾಣ್ಯವನ್ನು ಎಸೆಯಲಿಲ್ಲ. ನಡುವೆ ತೂತು ಕೊರೆದು, ಸಡಿಲವಾಗಿದ್ದ ನಲ್ಲಿಯ ಹಿಡಿಯ ಕೆಳಗೆ ಬಿಗಿದ. ನೀರು ಬಿಟ್ಟಾಗಲೆಲ್ಲ ಅದು ನನ್ನ ಬೆರಳಿಗೆ ತಣ್ಣಗೆ ತಗಲುತ್ತದೆ.

ಅದಾಗಿ ಐದು ತಿಂಗಳು. ಲೆಯೊಕಾದಿಯಾ ಈಗ ಬಿಸಿಲು ಬಂದಮೇಲೆ ಮಾರುಕಟ್ಟೆಗೆ ಹೋಗುತ್ತಾಳೆ, ನಾಲ್ಕೈದು ಜನರ ಹಿಂದೆ ನಿಲ್ಲುತ್ತಾಳೆ, ಹೇಳಿದ ಬೆಲೆ ಕೊಟ್ಟು ಬರುತ್ತಾಳೆ. ಬೇರೆಯವಳ ಹತ್ತಿರ ಹೋಗೆಂದು ಗಂಡ ಹೇಳಿದರೆ ಕೇಳುವುದಿಲ್ಲ. ಪ್ರೀಮಿ ನನ್ನನ್ನು ಇನ್ನೂ ಕಸೇರಿತಾ ಎನ್ನುತ್ತಾಳೆ. ನನಗೆ ಕೊಸರು ಹಾಕುತ್ತಾಳೆ. ನಾನು ಚೀಲ ಒಡ್ಡುತ್ತೇನೆ.

ಇವತ್ತು ಲೆಯೊಕಾದಿಯಾ ಅಂಗಳದಲ್ಲಿ ಗಡ್ಡೆ ತೊಳೆಯಲು ಬೋಗುಣಿ ಇಟ್ಟು ಒಳಗೆ ಹೋದಾಗ, ನನ್ನ ಕೊಸರಿನ ಗಡ್ಡೆಯನ್ನು ಮೆಲ್ಲಗೆ ಅದರೊಳಗೆ ಬಿಟ್ಟೆ. ಚಾಕು ತಂದು ಕೂತವಳು ನೀರಿಗೆ ಕೈ ಹಾಕಿ ಒಂದೊಂದೇ ಮುಟ್ಟುತ್ತ ಬಂದು ಅದನ್ನೇ ಎತ್ತಿದಳು.

“ಇದು ನಮ್ಮದಲ್ಲ ಅಕ್ಕಾ,” ಎಂದು ಒರೆಸಿ ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಚಾಕು ತಂದೆ. ಸಿಪ್ಪೆ ಬೆಳಕು ಹಾಯುವಷ್ಟು ತೆಳ್ಳಗಿರಬೇಕು, ಅದು ಅವಳೇ ಕಲಿಸಿದ್ದು. ಅವಳು ತನ್ನ ಗಡ್ಡೆ ಹೆರೆದಳು, ನಾನು ನನ್ನದು ಹೆರೆದೆ. ಹೆರೆದು ಮುಗಿದ ಮೇಲೆ ಸಿಪ್ಪೆಯನ್ನು ಅಂಗಳದ ಕೋಳಿಗಳಿಗೆ ಹಾಕಿ, ಕೈ ತೊಳೆಯಲು ನಲ್ಲಿ ತಿರುಗಿಸಿದೆ.