ಗೌಡರ ಗದ್ದೆಗೆ ಬಿದ್ದ ಉಪಗ್ರಹ

೧೯೬೯ರಲ್ಲಿ, ಏಳನೆಯ ತರಗತಿಯ ನಡುವೆ, ನಾನು ಸಾಲೆ ಬಿಟ್ಟು ಕಿನ್ನಾಳದಲ್ಲಿ ಗೊಂಬೆ ಕೆಲಸಕ್ಕೆ ಕೂತೆ. ಹದಿನಾಲ್ಕು ವರ್ಷ ಕೈ ಸವೆಸಿದ ಮೇಲೆ ಸ್ವಂತಕ್ಕೆ ಸಿಕ್ಕ ಮೊದಲ ದೊಡ್ಡ ಕೆಲಸ, ಗಂಗಾವತಿ ಕಡೆಯ ಗೌಡರೊಬ್ಬರ ಮೊಮ್ಮಗನ ತೊಟ್ಟಿಲು. ಅವರು ಕೇಳದಿದ್ದರೂ ಅದರ ನೆತ್ತಿಗೆ ಕುಂಬಳಕಾಯಿ ಗಾತ್ರದ ಮರದ ಗುಂಡು ಮಾಡಿ, ತವರ ಅರೆದು ಬಳಿದು, ಕನ್ನಡಿಯಂತೆ ತಿಕ್ಕಿದ್ದೆ. ಗುಂಡಿಲ್ಲದಿದ್ದರೆ ಅಲ್ಲಿ ಬರೀ ತೂತು.

ತೊಟ್ಟಿಲು ಒಯ್ದ ದಿನವೇ ಸಂಜೆ ಹೆಸರಿಡುವ ಶಾಸ್ತ್ರ. ಗೌಡರ ಊರಲ್ಲಿ ಬಸ್ಸಿನ ಮೇಲಿಂದ ತೊಟ್ಟಿಲು ಇಳಿಸಿದರೆ ಗುಂಡೇ ಇಲ್ಲ! ತೊಟ್ಟಿಲನ್ನು ಚಹಾದಂಗಡಿಯಲ್ಲಿಟ್ಟು ಕಾಲುವೆ ರಸ್ತೆ ಹಿಡಿದು ಹಿಂದಕ್ಕೆ ಓಡಿದೆ. ಮೈಲಿ ದೂರದ ಗದ್ದೆಯಲ್ಲಿ ಜನ ಸೇರಿದ್ದರು. ಭತ್ತದ ನಡುವೆ ನನ್ನ ಗುಂಡು, ಸುತ್ತ ಜಾಲಿಮುಳ್ಳು, ಕಾವಲಿಗೆ ಕೋಲು ಹಿಡಿದ ಅದೇ ಗೌಡರು.

ಆ ವಾರವೆಲ್ಲ ರೇಡಿಯೋದಲ್ಲಿ ಒಂದೇ ಸುದ್ದಿ. ಯಾವುದೋ ದೇಶ ಗುಟ್ಟಾಗಿ ಹಾರಿಸಿದ ಉಪಗ್ರಹ ಏನಾಯಿತೆಂದು ಆ ದೇಶವೇ ಬಾಯಿ ಬಿಡುತ್ತಿರಲಿಲ್ಲ.

"ಯಾಕ ಬಾಯಿ ಬಿಡವಲ್ರು ಅಂತ ಈಗ ತಿಳೀತೋ ಇಲ್ಲೋ?" ಎಂದರು ಗೌಡರು. "ನಮ್ಮ ಗದ್ದ್ಯಾಗ ಬಿದ್ದೈತಿ! ರಾಯಚೂರಿಗೆ, ಕಲೆಕ್ಟರ್ ಕಡೆ ಮನಶ್ಯಾನ್ನ ಕಳಸಾಕತ್ತೀನಿ."

"ಗೌಡ್ರ, ಅದು ಮರದ್ದರಿ. ನಾನ ಮಾಡಿದ್ದು."

"ಬಾರಪಾ ಕಿನ್ನಾಳದ ವಿಜ್ಞಾನಿ! ಏಳನೇತ್ತ ಬಿಟ್ಟಾವ ಉಪಗ್ರಹ ಮಾಡ್ಯಾನಂತ, ಕೇಳ್ರಲೇ!"

ಜನ ನಕ್ಕರು. ನನಗೆ ಸಿಟ್ಟು ಬಂತು, ಆದರೂ ಒಳಗೊಳಗೇ ಹಿಗ್ಗಿದೆ. ನನ್ನ ಮರ ಅಷ್ಟು ಮಂದಿಗೆ ಲೋಹವಾಗಿ ಕಂಡಿತ್ತಲ್ಲ! ಆದರೆ ಹೊತ್ತು ಇಳಿಯುತ್ತಿತ್ತು. ಗುಂಡು ರಾಯಚೂರಿಗೆ ಹೋದರೆ ನನ್ನ ಹೆಸರೂ ಅದರ ಹಿಂದೆಯೇ ಹೋದಂತೆ.

ಕಸ ಕೀಳಲು ಬಂದಿದ್ದ ಮುದುಕಿಯೊಬ್ಬಳು ಮುಳ್ಳು ಸರಿಸಿ ಒಳಗೆ ನಡೆದಳು.

"ಮುಟ್ಟಬ್ಯಾಡ ಬೇ, ಕರೆಂಟ್ ಹೊಡದೀತು!" ಎಂದು ಗೌಡರು ಕೂಗಿದರು.

ಆಕೆ ಗುಂಡನ್ನು ಉಗುರಿನಿಂದ ಕೆರೆದು ಮೂಸಿದಳು. ನಾವು ಮರಕ್ಕೆ ಹುಣಸೆಬೀಜದ ಅಂಟು ಬಳಿದ ಮೇಲೆಯೇ ಬಣ್ಣ ಹಚ್ಚುವುದು.

"ಯಪ್ಪಾ ಗೌಡ, ಹುಣಸಿಬೀಜ ನಾರಾಕತ್ತೈತಿ. ಆ ದೇಶದಾಗೂ ಕುಂತು ಹುಣಸಿಬೀಜ ಅರೀತಾರೇನು?"

ಮೊದಲು ನಗಲು ಯಾರಿಗೂ ಧೈರ್ಯವಿರಲಿಲ್ಲ. ಗೌಡರು ಕೆಮ್ಮಿದರು, ಮೀಸೆ ಒರೆಸಿಕೊಂಡರು, ಆಮೇಲೆ ಮುಳ್ಳನ್ನು ತಾವೇ ಎತ್ತಿ ಹಾಕಿದರು. ನಾನು ಮುದುಕಿಯ ಉಗುರಿನ ಗೀರು ಮುಚ್ಚಲು ಹೆಗಲ ಚೀಲದಿಂದ ಬಣ್ಣದ ಡಬ್ಬಿ ತೆಗೆದರೆ ಕೈ ಹಿಡಿದರು.

"ಇರ್ಲಿ ಬಿಡು. ಮಂದಿ ಕೇಳಿದ್ರ, ಮ್ಯಾಲಿಂದ ಬಿದ್ದಾಗ ಆತು ಅನ್ನೂಣು."

ಸಂಜೆ ಉಪಗ್ರಹದ ಕೆಳಗೆ ಕೂಸು ಮಲಗಿತು. ಮರುವಾರದಿಂದ ಸುತ್ತಲಿನ ಊರವರೆಲ್ಲ ಅಂಥದೇ ತೊಟ್ಟಿಲು ಕೇಳತೊಡಗಿದರು.

ಈಗ ನನಗೆ ಸ್ವಂತ ಮನೆ ಒಂದು, ಉಳಿ ಹನ್ನೊಂದು, ಬಾಚಿ ಎರಡು, ಅರೆಯುವ ಕಲ್ಲು ಒಂದು, ಮಾಡಿ ಮುಗಿಸಬೇಕಾದ ತೊಟ್ಟಿಲು ಮೂರು, ಬೇಕೆಂದೇ ಗೀರು ಹಾಕಿದ ಗುಂಡು ಮೂರು.